ಕಡಲಂಚಿನ ಉಪ್ಪುಸೊಪ್ಪು

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ತರಕಾರಿ ಎಷ್ಟೇ ಎಳೆಯದಾಗಿರಲಿ, ಬೇಳೆ ಎಷ್ಟೇ ನುಣ್ಣಗೆ ಬೆಂದಿರಲಿ, ಉಪ್ಪು ಬೀಳುವವರೆಗೆ ಅದು ಅಡಿಗೆ ಎನಿಸಿಕೊಳ್ಳುವುದಿಲ್ಲ. ನಮ್ಮ ಪಾಕಶಾಸ್ತ್ರವೆಲ್ಲ ಒಂದು ಮಾತನ್ನು ಮೊದಲೇ ಒಪ್ಪಿಕೊಂಡು ಹೊರಡುತ್ತದೆ: ತರಕಾರಿಗೆ ತನ್ನದೆಂಬ ಉಪ್ಪಿಲ್ಲ, ಅದನ್ನು ನಾವು ಹಾಕಬೇಕು. ಓದುಗರೇ, ಈಗ ಈ ಮಾತನ್ನು ತಿರುವುಮುರುವು ಮಾಡಿ ನೋಡಿ. ನೆಲದಿಂದ ಏಳುವಾಗಲೇ ಉಪ್ಪನ್ನು ಮೈತುಂಬ ಹೀರಿಕೊಂಡು ಬಂದ ಸೊಪ್ಪೊಂದು ನಿಮ್ಮ ಅಡಿಗೆಮನೆಗೆ ಬಂದರೆ ಏನು ಮಾಡುವಿರಿ? ಅದಕ್ಕೆ ಯಾವುದನ್ನು ಜೊತೆಗೂಡಿಸುವಿರಿ? ಬೇರೆ ಬೇರೆ ತೀರಗಳ ಜನ ಈ ಪ್ರಶ್ನೆಯನ್ನು ಶತಮಾನಗಳ ಹಿಂದೆಯೇ ಎದುರಿಸಿದರು. ಅವರು ಕಂಡುಕೊಂಡ ಉತ್ತರದಲ್ಲಿ ರುಚಿಯ ಕಥೆ ಇರುವಂತೆಯೇ ಬಡತನದ ಕಥೆಯೂ, ವ್ಯಾಪಾರದ ಕಥೆಯೂ, ಪ್ರಾಣದ ಹಂಗು ತೊರೆದವರ ಕಥೆಯೂ ಇದೆ.

ಇಂಗ್ಲೆಂಡಿನಲ್ಲಿ 'ಸ್ಯಾಂಫೈರ್' ಎಂದು ಕರೆಯುವ ಸೊಪ್ಪು ಇಂಥದು. ಹೆಸರು ಒಂದೇ ಆದರೂ ಗಿಡಗಳು ಎರಡು. ಒಂದು, ಸಮುದ್ರಕ್ಕೆ ಮುಖಮಾಡಿದ ಕಡಿದಾದ ಬಂಡೆಗಳ ಬಿರುಕಿನಲ್ಲಿ ಬೇರೂರುವ ಬಂಡೆಯ ಸ್ಯಾಂಫೈರ್. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಕ್ರಿತ್ಮಮ್ ಮಾರಿಟಿಮಮ್ ಎಂದು ಹೆಸರು. ಇದು ನಮ್ಮ ಕೊತ್ತಂಬರಿ, ಜೀರಿಗೆ, ಓಮ, ಸಬ್ಬಸಿಗೆಗಳ ಕುಟುಂಬಕ್ಕೆ ಸೇರಿದ್ದು. ಇನ್ನೊಂದು, ಉಬ್ಬರದ ನೀರು ಬಂದು ಹೋಗುವ ಕೆಸರುನೆಲದಲ್ಲಿ ಬೆಳೆಯುವ ಜವುಗಿನ ಸ್ಯಾಂಫೈರ್. ಇದರ ಶಾಸ್ತ್ರೀಯ ನಾಮ ಸ್ಯಾಲಿಕಾರ್ನಿಯ. ಇದು ದಂಟು, ಹರಿವೆ, ಪಾಲಕ್, ಬೀಟ್‌ರೂಟುಗಳ ಬಳಗ. ಎಲೆಯೆಂಬುದು ಇದಕ್ಕೆ ಕಣ್ಣಿಗೆ ಕಾಣುವಂತೆ ಇಲ್ಲವೇ ಇಲ್ಲ. ಹಸಿರು ಬಣ್ಣದ ಪುಟ್ಟ ಪುಟ್ಟ ಗಿಣ್ಣುಗಳನ್ನು ಒಂದರ ಮೇಲೊಂದು ಪೋಣಿಸಿಟ್ಟಂತೆ ತೋರುತ್ತದೆ. ಶರತ್ಕಾಲದಲ್ಲಿ ಇಡೀ ಗಿಡ ಕೆಂಪಗಾಗುತ್ತದೆ. ಕೆಂಪು ದಂಟಿಗೂ ಬೀಟ್‌ರೂಟಿಗೂ ಬಣ್ಣ ಕೊಡುವ ದ್ರವ್ಯದ ವರ್ಗವೇ ಇದಕ್ಕೂ ಬಣ್ಣ ಕೊಡುತ್ತದೆ. ಒಂದು ಕೊತ್ತಂಬರಿಯ ಬಂಧು, ಇನ್ನೊಂದು ದಂಟಿನ ಬಂಧು. ಒಂದೇ ಹೆಸರು ಇವೆರಡಕ್ಕೂ ಹೇಗೆ ಬಂತೆಂಬುದನ್ನು ಮುಂದೆ ನೋಡೋಣ.

ಮೂಲತಃ ಆ ಹೆಸರು ಬಂಡೆಯ ಗಿಡದ್ದು. ಫ್ರೆಂಚರು ಅದನ್ನು 'ಸಂತ ಪೀಟರನ ಸೊಪ್ಪು' ಎಂದು ಕರೆದರು. ಪೀಟರ್ ಎಂದರೆ ಗ್ರೀಕ್ ಭಾಷೆಯಲ್ಲಿ ಬಂಡೆ ಎಂಬ ಅರ್ಥವುಂಟು. ಪೀಟರನು ಮೀನುಗಾರನೂ ಹೌದು. ಕಡಲಬಂಡೆಯ ಮೇಲೆ ಬೆಳೆಯುವ ಗಿಡಕ್ಕೆ ಅವನ ಹೆಸರು ಸಲ್ಲುವುದು ಸಹಜವೇ. 'ಸಾಂ ಪಿಯೆರ್' ಎಂಬ ಆ ಫ್ರೆಂಚ್ ಉಚ್ಚಾರಣೆ ಇಂಗ್ಲಿಷರ ಬಾಯಲ್ಲಿ ಸವೆದು ಸ್ಯಾಂಫೈರ್ ಆಯಿತು. ಆದರೆ ಸೊಪ್ಪನ್ನು ತಿನ್ನುವ ರೂಢಿ ಈ ಹೆಸರಿಗಿಂತಲೂ ಹಳೆಯದು. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ಗ್ರಂಥಕಾರ ಪ್ಲಿನಿಯು ಇದನ್ನು ಕಾಡುಸೊಪ್ಪುಗಳ ಸಾಲಿನಲ್ಲಿ ಹೇಳುತ್ತಾನೆ. ಗ್ರೀಕ್ ಕವಿ ಕ್ಯಾಲಿಮಾಕಸನ ಕಾವ್ಯವೊಂದರಲ್ಲಿ ಹೆಕಾಲೆ ಎಂಬ ಹಳ್ಳಿಯ ಮುದುಕಿ ವೀರ ಥೀಸಿಯಸನಿಗೆ ಬಡಿಸುವುದು ಈ ಸೊಪ್ಪನ್ನೇ ಎಂಬುದನ್ನೂ ನೆನಪಿಸುತ್ತಾನೆ. ವಿದುರನ ಮನೆಯ ಆತಿಥ್ಯವನ್ನು ಬಲ್ಲ ನಮಗೆ ಈ ಮುದುಕಿ ಅಪರಿಚಿತಳಲ್ಲ. ಇದು ಅರಮನೆಯ ಊಟವಲ್ಲ, ಇದ್ದದ್ದನ್ನು ಕಿತ್ತು ತಂದು ಬಡಿಸಿದ ಊಟ ಎಂಬ ಸೂಚನೆ ಇಲ್ಲಿಂದಲೇ ಮೊದಲಾಗುತ್ತದೆ.

ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಈ ಗಿಡದ ಪರಿಚಯ ಬೇರೊಂದು ದಾರಿಯಿಂದ ಆಗಿರುತ್ತದೆ. ಎಂ. ಎಸ್. ಪುಟ್ಟಣ್ಣನವರು 'ಹೇಮಚಂದ್ರರಾಜ ವಿಲಾಸ' ಎಂದೂ, ಮಾಸ್ತಿಯವರು 'ಲಿಯರ್ ಮಹಾರಾಜ' ಎಂದೂ ಕನ್ನಡಕ್ಕೆ ತಂದ ಷೇಕ್ಸ್‌ಪಿಯರನ ನಾಟಕವನ್ನು ನೆನಪಿಗೆ ತಂದುಕೊಳ್ಳಿ. ೧೬೦೬ರ ಸುಮಾರಿನ ಆ ನಾಟಕದ ನಾಲ್ಕನೆಯ ಅಂಕದಲ್ಲಿ, ಕಣ್ಣು ಕಳೆದುಕೊಂಡ ಗ್ಲಾಸ್ಟರನು ಡೋವರಿನ ಕಡಿದಾದ ಬಂಡೆಯಿಂದ ಕೆಳಗೆ ಧುಮುಕಿ ಪ್ರಾಣ ಬಿಡಲು ಬಂದಿದ್ದಾನೆ. ವೇಷ ಮರೆಸಿಕೊಂಡ ಮಗ ಎಡ್ಗರನು ತಂದೆಯನ್ನು ಸಮನೆಲದ ಮೇಲೆಯೇ ನಿಲ್ಲಿಸಿ, ಪ್ರಪಾತದ ಅಂಚಿನಲ್ಲಿ ನಿಂತಿರುವಂತೆ ನಂಬಿಸಬೇಕಾಗಿದೆ. ಅದಕ್ಕಾಗಿ ಅವನು ಕೆಳಗಿನ ನೋಟವನ್ನು ಮಾತಿನಲ್ಲಿ ಕಟ್ಟಿಕೊಡುತ್ತಾನೆ. ಆ ನೋಟದ ನಡುವೆ, ಬಂಡೆಯ ಅರ್ಧ ಎತ್ತರದಲ್ಲಿ ಜೋತುಬಿದ್ದು ಸ್ಯಾಂಫೈರ್ ಕೀಳುತ್ತಿರುವ ಒಬ್ಬ ಮನುಷ್ಯನಿದ್ದಾನೆ. ಅವನ ಕಸುಬು ಎಷ್ಟು ಭಯಂಕರವೆಂದು ಎಡ್ಗರನು ಉದ್ಗರಿಸುತ್ತಾನೆ. ಪ್ರಪಾತ ಸುಳ್ಳು, ಆದರೆ ಸೊಪ್ಪು ಕೀಳುವವನು ನಿಜ. ಲಂಡನ್ನಿನ ಪ್ರೇಕ್ಷಕರಿಗೆ ಆ ಕಸುಬು ಗೊತ್ತಿತ್ತು. ಆ ಒಂದು ಸತ್ಯವನ್ನು ಸೇರಿಸಿದುದರಿಂದಲೇ ಉಳಿದ ಸುಳ್ಳೆಲ್ಲ ನಂಬುವಂತಾಯಿತು.

ಡೋವರಿನ ಸುಣ್ಣದ ಬಂಡೆಗಳು ಮುನ್ನೂರು ಅಡಿಗೂ ಮೀರಿ ಎತ್ತರವಾಗಿವೆ. ಮೇಲಿನಿಂದ ಹಗ್ಗ ಕಟ್ಟಿಕೊಂಡು ಇಳಿಯುವುದು, ಒಂದು ಕೈಯಲ್ಲಿ ಬಂಡೆಯನ್ನು ಹಿಡಿದು ಇನ್ನೊಂದರಲ್ಲಿ ಸೊಪ್ಪು ಕೀಳುವುದು, ಹೆಗಲ ಚೀಲ ತುಂಬಿದ ಮೇಲೆ ಮತ್ತೆ ಮೇಲಕ್ಕೆ ಹತ್ತುವುದು: ಇದು ಆ ಜನರ ದಿನಗೂಲಿ. ನಮ್ಮ ಮಲೆನಾಡಿನಲ್ಲಿ ಹೆಜ್ಜೇನು ಇಳಿಸುವವರನ್ನು ಕಂಡವರಿಗೆ ಇದರ ಅಪಾಯ ತಿಳಿಯುತ್ತದೆ. ವೈಟ್ ದ್ವೀಪದ ಬಂಡೆಗಳಲ್ಲಿಯೂ ಇದೇ ಕೆಲಸ ನಡೆಯುತ್ತಿತ್ತು. ೧೬೬೪ರಲ್ಲಿ ರಾಬರ್ಟ್ ಟರ್ನರ್ ಎಂಬ ಮೂಲಿಕಾಶಾಸ್ತ್ರಜ್ಞನು, ಈ ವ್ಯಂಜನಕ್ಕೆ ಜನ ತಮ್ಮ ಪ್ರಾಣವನ್ನೇ ಬೆಲೆಯಾಗಿ ತೆರುತ್ತಾರೆ ಎಂಬರ್ಥದ ಮಾತನ್ನು ಬರೆದಿಟ್ಟಿದ್ದಾನೆ. ಕಿತ್ತ ಸೊಪ್ಪನ್ನು ಸಮುದ್ರದ ನೀರು ತುಂಬಿದ ಪೀಪಾಯಿಗಳಲ್ಲಿಟ್ಟು ಲಂಡನ್ನಿಗೆ ಕಳುಹಿಸುತ್ತಿದ್ದರು. ಅಲ್ಲಿಯ ಬೀದಿಗಳಲ್ಲಿ ಮಾರುವವರು 'ಕ್ರೆಸ್ಟ್ ಮೆರೀನ್' ಎಂದು ಕೂಗುತ್ತ ಹೋಗುತ್ತಿದ್ದರು. ಕೊಳ್ಳುವವರ ತಟ್ಟೆಯ ಮೇಲೆ ಅದು ಎರಡು ಚಮಚೆಯಷ್ಟು ಉಪ್ಪಿನಕಾಯಿ, ಅಷ್ಟೆ.

ಹೌದು, ಉಪ್ಪಿನಕಾಯಿಯೇ. ಬಂಡೆಯ ಸ್ಯಾಂಫೈರನ್ನು ಹಸಿಯಾಗಿ ಅಗಿದರೆ ಉಪ್ಪಿನೊಡನೆ ಒಂದು ತೀಕ್ಷ್ಣವಾದ ಪರಿಮಳ ಮೂಗಿಗೇರುತ್ತದೆ. ಗಜ್ಜರಿ, ಸೋಂಪು, ನಿಂಬೆಯ ಸಿಪ್ಪೆ ಇವೆಲ್ಲ ಕೂಡಿದಂತಹ ವಾಸನೆ. ಕೆಲವರಿಗೆ ಸೀಮೆಎಣ್ಣೆಯ ನೆನಪೂ ಬರುವುದುಂಟು. ಇದರ ತೈಲದಲ್ಲಿ ನಮ್ಮ ಸಬ್ಬಸಿಗೆ ಬೀಜದಲ್ಲಿರುವ ದ್ರವ್ಯವೂ ಓಮದಲ್ಲಿರುವ ದ್ರವ್ಯವೂ ಇವೆಯೆಂದು ರಸಾಯನಜ್ಞರು ಕಂಡುಕೊಂಡಿದ್ದಾರೆ. ಇಂಥ ಗಡಸು ಪರಿಮಳವನ್ನು ಪಳಗಿಸಬಲ್ಲದ್ದು ಹುಳಿ ಎಂಬುದನ್ನು ಇಂಗ್ಲೆಂಡಿನ ಅಡಿಗೆಯವರು ಬೇಗನೆ ಕಂಡುಕೊಂಡರು. ೧೫೯೭ರಲ್ಲಿ ಪ್ರಕಟವಾದ ತನ್ನ ಮೂಲಿಕೆಗಳ ಮಹಾಗ್ರಂಥದಲ್ಲಿ ಜಾನ್ ಜೆರಾರ್ಡನು, ಮಾಂಸದೂಟಕ್ಕೆ ಇದಕ್ಕಿಂತ ಹಿತವಾದ ವ್ಯಂಜನವಿಲ್ಲವೆಂದು ಹೊಗಳಿದನು. ೧೬೬೦ರಲ್ಲಿ ಪಾಕಗ್ರಂಥ ಬರೆದ ರಾಬರ್ಟ್ ಮೇ, ಕೇಪರ್ ಮೊಗ್ಗು, ಆಲಿವ್, ಉಪ್ಪು ಹಾಕಿದ ಸೌತೆ ಇವುಗಳ ಜೊತೆಯಲ್ಲಿ ಸ್ಯಾಂಫೈರನ್ನೂ ದೊಡ್ಡ ಔತಣಗಳ ಹರಿವಾಣಕ್ಕೆ ಸೇರಿಸಿದನು. ಕೊಬ್ಬಿನ ಮಾಂಸ, ಅದರ ಭಾರವನ್ನು ಇಳಿಸುವ ಹುಳಿ, ಎರಡನ್ನೂ ಬೆಸೆಯುವ ಉಪ್ಪು: ಜೊತೆಗೂಡಿಸುವ ಕಲೆಯ ಮೊದಲ ಸೂತ್ರ ಇದು.

ಸೊಪ್ಪಿನ ಊಟವನ್ನೇ ಕುರಿತು ೧೬೯೯ರಲ್ಲಿ ಒಂದು ಪುಸ್ತಕ ಬರೆದ ಜಾನ್ ಈವ್ಲಿನ್ ಈ ಉಪ್ಪಿನಕಾಯಿಯ ವಿಧಾನವನ್ನು ವಿವರಿಸಿದ್ದಾನೆ. ಸೊಪ್ಪನ್ನು ಎರಡು ಮೂರು ಗಂಟೆ ಉಪ್ಪುನೀರಿನಲ್ಲಿ ನೆನೆಹಾಕಬೇಕು. ಬಳಿಕ ಕಲಾಯಿ ಹಾಕಿದ ಹಿತ್ತಾಳೆಯ ಪಾತ್ರೆಯಲ್ಲಿ ಹೆಚ್ಚು ಪಾಲು ವಿನೆಗರ್, ಕಡಿಮೆ ಪಾಲು ಉಪ್ಪುನೀರು ಹಾಕಿ, ಆವಿ ಹೋಗದಂತೆ ಮುಚ್ಚಳವನ್ನು ಮೆತ್ತಿ, ಬೆಂಕಿಯ ಮೇಲೆ ಇಡಬೇಕು. ಇದನ್ನು ಓದಿದಾಗ ನಮ್ಮ ಉತ್ತರ ಕನ್ನಡ, ಶಿವಮೊಗ್ಗ ಸೀಮೆಗಳ ಅಪ್ಪೆಮಿಡಿಯ ನೆನಪಾಗದಿರದು. ಅಲ್ಲಿಯೂ ಹೊಳೆದಂಡೆಯ ಎತ್ತರದ ಮರ ಹತ್ತಿ ಕೊಯ್ಯುವ ಕಷ್ಟ, ಅಲ್ಲಿಯೂ ತೊಟ್ಟು ಮುರಿದರೆ ಚಿಮ್ಮುವ ಘಾಟು ಸೊನೆ, ಅಲ್ಲಿಯೂ ಮೊದಲು ಉಪ್ಪಿನಲ್ಲಿ ಮುರುಟಿಸುವ ಕ್ರಮ. ಒಂದು ವ್ಯತ್ಯಾಸವಿದೆ: ಮಿಡಿಗೆ ಹುಳಿ ಹುಟ್ಟಿನಿಂದಲೇ ಬಂದದ್ದು, ಉಪ್ಪು ಹೊರಗಿನಿಂದ ಸೇರಬೇಕು, ಸ್ಯಾಂಫೈರಿಗೆ ಉಪ್ಪು ಹುಟ್ಟಿನಿಂದ ಬಂದದ್ದು, ಹುಳಿ ಹೊರಗಿನಿಂದ ಸೇರಬೇಕು.

ಕಲಾಯಿಯ ಮಾತನ್ನು ಈವ್ಲಿನ್ ಸುಮ್ಮನೆ ಬರೆದುದಲ್ಲ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಡಬಾರದೆಂದು ನಮ್ಮ ಅಜ್ಜಿಯರು ಗದರಿಸುತ್ತಿದ್ದುದು ನಿಮಗೆ ನೆನಪಿರಬಹುದು. ಹುಳಿ ತಾಮ್ರಕ್ಕೆ ತಗುಲಿದರೆ ಹಸಿರು ಕಿಲುಬು ಏಳುತ್ತದೆ, ಅದು ವಿಷ. ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದ ಹೊತ್ತಿಗೆ ಈ ಕಿಲುಬನ್ನೇ ಗುಣವೆಂದು ಬಳಸುವ ಕೆಟ್ಟ ಅಭ್ಯಾಸ ಬೆಳೆದಿತ್ತು. ವಿನೆಗರಿನಲ್ಲಿ ಕುದಿಸಿದ ಸೊಪ್ಪು ಕಂದುಬಣ್ಣಕ್ಕೆ ತಿರುಗುತ್ತದೆ. ಗಿರಾಕಿಗಳಿಗೆ ಹಸಿರೇ ಬೇಕು. ತಾಮ್ರದ ಪಾತ್ರೆಯಲ್ಲಿ ಕುದಿಸಿದರೆ ಹಸಿರು ನಿಲ್ಲುತ್ತದೆ. ಆಹಾರದ ಕಲಬೆರಕೆಯನ್ನು ಬಯಲಿಗೆಳೆದು ೧೮೨೦ರಲ್ಲಿ ಪುಸ್ತಕ ಬರೆದ ರಸಾಯನಜ್ಞ ಫ್ರೆಡ್ರಿಕ್ ಆಕುಮ್, ವೈದ್ಯ ಪರ್ಸಿವಲ್ಲನು ದಾಖಲಿಸಿದ್ದ ಒಂದು ಪ್ರಕರಣವನ್ನು ಅದರಲ್ಲಿ ಎತ್ತಿ ಹೇಳಿದನು. ತಲೆ ಬಾಚಿಸಿಕೊಳ್ಳುತ್ತ ಕುಳಿತ ತರುಣಿಯೊಬ್ಬಳು ಬೇಸರ ಕಳೆಯಲೆಂದು ಇಂಥ ತಾಮ್ರ ಬೆರೆತ ಸ್ಯಾಂಫೈರ್ ಉಪ್ಪಿನಕಾಯಿಯನ್ನು ತಿಂದಳು. ಹೊಟ್ಟೆನೋವು ಬಂತು, ವಾಂತಿ ಹಿಡಿಯಿತು. ಒಂಬತ್ತನೆಯ ದಿನ ತೀರಿಕೊಂಡಳು. ಬಂಡೆಯಿಂದ ಬಿದ್ದವನ ಜೀವವನ್ನು ಕಾಣದ ಪೇಟೆ, ಊಟದ ಮನೆಯೊಳಗಿನ ಈ ಜೀವವನ್ನೂ ಬಣ್ಣದ ಮುಂದೆ ಕಡೆಗಣಿಸಿತು.

ಬಂಡೆಯ ಸ್ಯಾಂಫೈರಿನ ಕಾಲ ಅದಕ್ಕೂ ಮೊದಲೇ ಇಳಿಮುಖವಾಗತೊಡಗಿತ್ತು. ೧೬೫೨ರಲ್ಲಿಯೇ ನಿಕೊಲಾಸ್ ಕಲ್ಪೆಪರ್ ಎಂಬ ವೈದ್ಯನು, ಹಿಂದೆ ಹೆಚ್ಚು ಬಳಕೆಯಲ್ಲಿದ್ದ ಈ ಜೀರ್ಣಕಾರಕ ಸೊಪ್ಪನ್ನು ಜನ ಬಿಡುತ್ತಿದ್ದಾರೆಂದು ಹಳಹಳಿಸಿದ್ದನು. ಸುಲಭವಾಗಿ ಕೈಗೆಟುಕುವಲ್ಲಿದ್ದ ಗಿಡಗಳನ್ನು ಕಿತ್ತು ಮುಗಿಸಿದ್ದಾಯಿತು. ಉಳಿದವು ಪ್ರಾಣಕ್ಕೆ ಬರುವಂಥ ಎಡೆಗಳಲ್ಲಿದ್ದವು. ಬೇಡಿಕೆ ಇದ್ದು ಸರಕಿಲ್ಲದಾಗ ವ್ಯಾಪಾರಿ ಮಾಡುವುದೇನು? ಬದಲಿ ಸರಕನ್ನು ಅದೇ ಹೆಸರಿನಲ್ಲಿ ಮಾರುತ್ತಾನೆ. ಹಳದಿ ಹೂವಿನ ಬೇರೊಂದು ಕಡಲಗಿಡ ಪರಿಮಳವಿಲ್ಲದಿದ್ದರೂ ಸ್ಯಾಂಫೈರ್ ಎಂದು ಮಾರಾಟವಾಯಿತು. ಕೆಸರುನೆಲದ ಸ್ಯಾಲಿಕಾರ್ನಿಯವೂ ಅದೇ ಹೆಸರನ್ನು ಹೊತ್ತು ಪೇಟೆಗೆ ಬಂದಿತು. ಬಂಡೆ ಹತ್ತಬೇಕಾಗಿಲ್ಲ, ಉಬ್ಬರ ಇಳಿದಾಗ ಕೆಸರಿನಲ್ಲಿ ನಡೆದುಹೋಗಿ ಕಿತ್ತರಾಯಿತು. ಕಾಲಕ್ರಮದಲ್ಲಿ ಅಸಲು ಮರೆತುಹೋಯಿತು, ಬದಲಿಯೇ ಅಸಲಾಯಿತು. ಇಂದು ಇಂಗ್ಲೆಂಡಿನ ಮೀನಿನಂಗಡಿಯಲ್ಲಿ ಸ್ಯಾಂಫೈರ್ ಕೇಳಿದರೆ ಸಿಕ್ಕುವುದು ಜವುಗಿನ ಗಿಡವೇ.

ಈ ಎರಡನೆಯ ಗಿಡಕ್ಕೆ ಅದರದೇ ಆದ ಇನ್ನೊಂದು ಹೆಸರಿತ್ತು: ಗಾಜುಗಿಡ. ಗಾಜಿನ ಮೂಲ ಮರಳು. ಶುದ್ಧ ಮರಳು ಕರಗಬೇಕಾದರೆ ಸುಮಾರು ೧೭೦೦ ಡಿಗ್ರಿ ಸೆಂಟಿಗ್ರೇಡ್ ಕಾವು ಬೇಕು. ಹಳೆಯ ಕಾಲದ ಕುಲುಮೆಗಳಿಗೆ ಅದು ನಿಲುಕದ್ದು. ಸೋಡಾ ಕ್ಷಾರವನ್ನು ಬೆರೆಸಿದರೆ ಬಹಳ ಕಡಿಮೆ ಕಾವಿನಲ್ಲಿ ಕರಗುತ್ತದೆ. ಆ ಕ್ಷಾರ ಎಲ್ಲಿಂದ ಬರಬೇಕು? ಕಡಲಂಚಿನ ಉಪ್ಪುಗಿಡಗಳನ್ನು ಒಣಗಿಸಿ ಸುಟ್ಟರೆ ಉಳಿಯುವ ಬೂದಿಯಿಂದ. ಅರಬರು ಆ ಬೂದಿಯನ್ನು 'ಅಲ್ ಕಲಿ' ಎಂದು ಕರೆದರು. ರಸಾಯನಶಾಸ್ತ್ರದ 'ಆಲ್ಕಲಿ' ಎಂಬ ಮಾತು ಬಂದುದು ಅಲ್ಲಿಂದಲೇ. ೧೨೯೧ರಿಂದ ಮುರಾನೊ ದ್ವೀಪದಲ್ಲಿ ನೆಲೆಗೊಂಡ ವೆನಿಸ್ಸಿನ ಗಾಜುಗಾರರು ಸಿರಿಯಾ, ಈಜಿಪ್ಟುಗಳಿಂದ ಇಂಥ ಬೂದಿಯನ್ನು ಹಡಗುಗಳಲ್ಲಿ ತರಿಸಿದರು. ಸ್ಪೇನಿನ ಅಲಿಕಾಂಟೆಯ ಬೂದಿ 'ಬರಿಲ್ಲಾ' ಎಂಬ ಹೆಸರಿನಿಂದ ಯುರೋಪಿಗೆಲ್ಲ ಹೋಯಿತು; ಆಲಿವ್ ಎಣ್ಣೆಯ ಸಾಬೂನಿಗೂ ಅದೇ ಬೇಕಾಗಿತ್ತು. ೧೭೯೧ರಲ್ಲಿ ನಿಕೊಲಾ ಲೆಬ್ಲಾಂಕ್ ಎಂಬ ಫ್ರೆಂಚನು ಅಡಿಗೆಯ ಉಪ್ಪಿನಿಂದಲೇ ಸೋಡಾ ತೆಗೆಯುವ ವಿಧಾನಕ್ಕೆ ಸನ್ನದು ಪಡೆದನು. ಫ್ರೆಂಚ್ ಕ್ರಾಂತಿಯಲ್ಲಿ ಅವನ ಕಾರ್ಖಾನೆ ಕೈತಪ್ಪಿತು, ೧೮೦೬ರಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡನು. ಆದರೆ ಅವನ ವಿಧಾನ ಗೆದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬೂದಿಯ ವ್ಯಾಪಾರ ನೆಲಕಚ್ಚಿತು.

ಬೂದಿಯ ವಿಷಯ ಬಂದಾಗ ನಮ್ಮ ದೇಶದ ಒಂದು ಮಾತನ್ನೂ ಹೇಳಬೇಕು. ಪಂಜಾಬ, ಸಿಂಧ್, ರಾಜಸ್ಥಾನಗಳ ಚೌಳುನೆಲದಲ್ಲಿ ಇದೇ ಬಳಗದ ಗಿಡಗಳನ್ನು ಸುಟ್ಟು ಸಜ್ಜೀಖಾರ ಮಾಡುತ್ತಿದ್ದರು. ಆಯುರ್ವೇದದ ಸರ್ಜಿಕಾ ಕ್ಷಾರವೂ ಇದೇ. ಬಟ್ಟೆ ಒಗೆಯಲು ಅದು ಬೇಕು. ಹಪ್ಪಳದ ಹಿಟ್ಟಿಗೂ ಅದು ಬೇಕು. ಹಪ್ಪಳವನ್ನು ಸುಟ್ಟಾಗ ಹಗುರಾಗಿ ಉಬ್ಬಿ ಗರಿಗರಿಯಾಗುವುದರಲ್ಲಿ ಈ ಉಪ್ಪುಗಿಡದ ಪಾಲಿತ್ತು. ಒಂದೇ ಬಳಗದ ಗಿಡಗಳು ವೆನಿಸ್ಸಿನಲ್ಲಿ ಪಾನಪಾತ್ರೆಗಳಾದವು, ನಮ್ಮಲ್ಲಿ ಹಪ್ಪಳದ ಗರಿಯಾದವು.

ಗಾಜಿನವರು ಕೈಬಿಟ್ಟ ಮೇಲೆ ಗಿಡವನ್ನು ಉಳಿಸಿಕೊಂಡವರು ತೀರದ ಬಡವರು. ಇಂಗ್ಲೆಂಡಿನ ಪೂರ್ವಕ್ಕೆ ನಾರ್‌ಫಕ್ ಎಂಬ ಸೀಮೆಯಿದೆ. ಬ್ಲೇಕ್ನಿ, ವೆಲ್ಸ್ ಮೊದಲಾದ ಊರುಗಳ ಸುತ್ತ ಮೈಲುಗಟ್ಟಲೆ ಉಪ್ಪು ಜವುಗು. ಜೂನ್ ತಿಂಗಳ ಕೊನೆಯಿಂದ ಆಗಸ್ಟಿನವರೆಗೆ ಅಲ್ಲಿಯವರು ಸೊಪ್ಪು ಕೊಯ್ಯುತ್ತಾರೆ. ಹಲವು ಸಲ ತೊಳೆದು ಕೆಸರು ಬಿಡಿಸಿ, ಉಪ್ಪು ಹಾಕದ ನೀರಿನಲ್ಲಿ ಕೆಲವೇ ನಿಮಿಷ ಬೇಯಿಸಿ, ಕರಗಿಸಿದ ಬೆಣ್ಣೆಯಲ್ಲಿ ಅದ್ದಿ ತಿನ್ನುತ್ತಾರೆ. ಬಲಿತ ಗಿಡವಾದರೆ ಒಳಗೆ ಕಡ್ಡಿಯಂಥ ನಾರಿರುತ್ತದೆ. ಬುಡವನ್ನು ಬೆರಳಲ್ಲಿ ಹಿಡಿದು ಹಲ್ಲಿನ ನಡುವೆ ಎಳೆದರೆ ತಿರುಳು ಬಾಯಲ್ಲಿ ಉಳಿದು ಕಡ್ಡಿ ಕೈಯಲ್ಲಿ ಉಳಿಯುತ್ತದೆ. ನುಗ್ಗೆಕಾಯಿ ತಿನ್ನಬಲ್ಲ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ! ಹೆಚ್ಚಾದುದನ್ನು ಮಸಾಲೆ ಹಾಕಿದ ವಿನೆಗರಿನಲ್ಲಿಟ್ಟು, ಜಾಡಿಗಳನ್ನು ಬ್ರೆಡ್ಡು ಸುಟ್ಟು ಆರುತ್ತಿರುವ ಬೇಕರಿಯ ಒಲೆಯೊಳಗೆ ವಾರದ ಕೊನೆಯಲ್ಲಿ ಇಟ್ಟುಬಿಡುವ ಪದ್ಧತಿಯೂ ಇತ್ತು. ಜೊತೆಗೆ ಏನು? ಅದೇ ತೀರದ ಮೀನು, ಏಡಿ, ಹೊಸದಾಗಿ ಅಗೆದ ಆಲೂಗೆಡ್ಡೆ, ಬೇಯಿಸಿದ ಮೊಟ್ಟೆ, ಒಂದು ಹೋಳು ನಿಂಬೆ. ಮಾಂಸವಾದರೆ ಉಪ್ಪು ಜವುಗಿನಲ್ಲಿಯೇ ಮೇದ ಕುರಿಯದು. ಫ್ರಾನ್ಸಿನ ಮಾಂ ಸಾಂ ಮಿಶೆಲ್ ಕೊಲ್ಲಿಯ ಅಂಥ ಕುರಿಗಳು ಬಹು ಹೆಸರುವಾಸಿ. ಒಂದೇ ನೆಲದಲ್ಲಿ ಹುಟ್ಟಿದವು ಒಂದೇ ತಟ್ಟೆಯಲ್ಲಿ ಹೊಂದಿಕೊಳ್ಳುತ್ತವೆ ಎಂಬುದು ತೀರದವರ ಅನುಭವ.

ಇವೇ ಏಕೆ ಹೊಂದಬೇಕು? ಕಾರಣ ಗಿಡದ ಒಡಲಲ್ಲಿಯೇ ಇದೆ. ಸಮುದ್ರದ ನೀರನ್ನು ಸಾಮಾನ್ಯ ಗಿಡಕ್ಕೆ ಹಾಕಿದರೆ ಅದು ಬಾಡಿ ಸಾಯುತ್ತದೆ. ಸುತ್ತಲಿನ ಉಪ್ಪು ಬೇರಿನ ನೀರನ್ನೇ ಹೊರಕ್ಕೆಳೆಯುತ್ತದೆ. ಈ ಗಿಡವಾದರೋ ಉಪ್ಪನ್ನು ಒಳಕ್ಕೆ ಬಿಟ್ಟುಕೊಂಡು, ಜೀವಕೋಶಗಳ ಒಳಗಿನ ರಸಚೀಲಗಳಲ್ಲಿ ಕೂಡಿಹಾಕಿ, ಆ ಉಪ್ಪಿನ ಬಲದಿಂದಲೇ ನೀರನ್ನು ಸೆಳೆದುಕೊಳ್ಳುತ್ತದೆ. ಅದಕ್ಕೇ ಅದರ ಮೈ ದಪ್ಪ, ಅದಕ್ಕೇ ಅಗಿದರೆ ರಸ ಚಿಮ್ಮುವುದು. ನಾಲಗೆಯ ಮೇಲೆ ಇಂಥ ಉಪ್ಪು ಬಿದ್ದಾಗ ಮೂರು ಬಗೆಯ ಜೊತೆಗಾರರು ಅದಕ್ಕೆ ಬೇಕು. ಮೊದಲನೆಯದು ಸಪ್ಪೆ: ಅನ್ನ, ಆಲೂಗೆಡ್ಡೆ, ಮೀನಿನ ತಿರುಳು. ಇವು ಉಪ್ಪನ್ನು ಹಂಚಿಕೊಂಡು ತಾವೂ ರುಚಿಯಾಗುತ್ತವೆ. ಎರಡನೆಯದು ಜಿಡ್ಡು: ಬೆಣ್ಣೆ, ಎಣ್ಣೆ, ತೆಂಗಿನಕಾಯಿ. ಇವು ಉಪ್ಪಿನ ಚುರುಕನ್ನು ಮೃದುಗೊಳಿಸುತ್ತವೆ. ಮೂರನೆಯದು ಹುಳಿ. ಅದು ಜಿಡ್ಡನ್ನು ಕತ್ತರಿಸಿ ಬಾಯನ್ನು ಹಗುರ ಮಾಡುತ್ತದೆ. ಉಪ್ಪು ಕಹಿಯನ್ನು ಅಡಗಿಸಿ ಸಿಹಿಯನ್ನು ಮೇಲಕ್ಕೆ ತರುತ್ತದೆಂದು ೧೯೯೭ರಲ್ಲಿ ವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದರು. ಏಡಿಯ ಮಾಂಸದ, ಎಳೆಯ ಬಟಾಣಿಯ ನವಿರಾದ ಸಿಹಿ ಈ ಸೊಪ್ಪಿನ ಪಕ್ಕದಲ್ಲಿ ಎದ್ದು ಕಾಣುವುದು ಇದರಿಂದಲೇ. ಹೊಂದದಿರುವುದು ಯಾವುದು ಎಂದು ಕೇಳಿದರೆ, ಇನ್ನೊಂದು ಉಪ್ಪಿನ ಪದಾರ್ಥ. ಒಣಮೀನಿನ ಜೊತೆ ಇದನ್ನು ಬಡಿಸಿದರೆ ಊಟಕ್ಕಿಂತ ನೀರೇ ಹೆಚ್ಚು ಖರ್ಚಾದೀತು.

ಬೇರೆ ತೀರಗಳನ್ನು ನೋಡಿ. ತುರ್ಕಿಯ ಏಜಿಯನ್ ಕರಾವಳಿಯವರು ಈ ಗಿಡಕ್ಕೆ ಇಟ್ಟ ಹೆಸರಿನ ಅರ್ಥ 'ಸಮುದ್ರದ ಅಲಸಂದೆ'. ಬೇಯಿಸಿ, ತಿರುಳನ್ನು ಕಡ್ಡಿಯಿಂದ ಬಿಡಿಸಿ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ನಿಂಬೆರಸ ಬೆರೆಸುತ್ತಾರೆ. ಇಟಲಿಯಲ್ಲಿ ಗಾಜಿಗೆಂದು ಬೂದಿಯಾಗುತ್ತಿದ್ದ ಸಾಲ್ಸೋಲಾ ಸೋಡಾ ಎಂಬ ಗಿಡ ಇಂದು 'ಅಗ್ರೆಟ್ಟಿ' ಎಂಬ ಹೆಸರಿನ ವಸಂತಕಾಲದ ತರಕಾರಿ. ಅದಕ್ಕೂ ಎಣ್ಣೆ, ನಿಂಬೆಯೇ ಜೊತೆ. ಜಪಾನಿನ ಯಮಗಾಟ ಪ್ರಾಂತದಲ್ಲಿ ಅದರ ಸೋದರ ಗಿಡವೊಂದನ್ನು 'ನೆಲದ ಕಡಲಪಾಚಿ' ಎಂಬರ್ಥದ ಹೆಸರಿನಿಂದ ಕರೆದು, ಸಾಸಿವೆ ಕಲಸಿದ ಸೋಯಾ ರಸದೊಡನೆ ತಿನ್ನುತ್ತಾರೆ. ಕೊರಿಯದಲ್ಲಿ ಅದರ ಹೆಸರೇ 'ಉಪ್ಪುಸೊಪ್ಪು'. ಒಣಗಿಸಿ ಪುಡಿಮಾಡಿ ಉಪ್ಪಿನ ಬದಲು ಬಳಸುವುದೂ ಅಲ್ಲಿ ಉಂಟು. ಇವರೆಲ್ಲ ಒಬ್ಬರನ್ನೊಬ್ಬರು ಕೇಳಿ ಕಲಿತವರಲ್ಲ. ಆದರೂ ಹುಳಿ, ಜಿಡ್ಡು, ಘಾಟು ಎಂಬ ಅದೇ ಬಾಗಿಲುಗಳನ್ನು ತಟ್ಟಿದ್ದಾರೆ.

ನಮ್ಮ ನಾಡಿನ ತೀರಗಳೂ ಇದಕ್ಕೆ ಹೊರತಲ್ಲ. ಗುಜರಾತ್, ತಮಿಳುನಾಡುಗಳ ಉಪ್ಪು ಕೆಸರಿನಲ್ಲಿ ಸ್ಯಾಲಿಕಾರ್ನಿಯದ ಭಾರತೀಯ ಜಾತಿ ಬೆಳೆಯುತ್ತದೆ. ತಮಿಳು ತೀರದ ಬಡವರು ಅದರ ಬಂಧುವಾದ ಉಮರಿ ಕೀರೆಯನ್ನು ಸೊಪ್ಪಾಗಿ ಬೇಯಿಸುವುದುಂಟು. ನಮ್ಮ ಕಾಳಿ, ಅಘನಾಶಿನಿಗಳ ಅಳಿವೆಯಲ್ಲಿ ಕಾಂಡ್ಲಾ ಗಿಡಗಳ ಬುಡದಲ್ಲಿ, ಗೋಣಿಸೊಪ್ಪನ್ನು ಹೋಲುವ ದಪ್ಪೆಲೆಯ, ಉಪ್ಪುರುಚಿಯ ಹಂಬೊಂದು ನೆಲಕ್ಕೆ ಹಬ್ಬಿರುತ್ತದೆ. ಸೆಸುವಿಯಮ್ ಎಂದು ಅದರ ಶಾಸ್ತ್ರನಾಮ. ಅದೇ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತವನ್ನು ನಮ್ಮ ರೈತರು ತಲೆಮಾರುಗಳಿಂದ ಬೆಳೆದಿದ್ದಾರೆ. ಉಪ್ಪನ್ನು ಶತ್ರುವೆಂದು ಓಡಿಸದೆ ಅದರೊಡನೆ ಬಾಳುವ ಜಾಣ್ಮೆ ನಮಗೆ ಹೊಸದಲ್ಲ. ಇನ್ನು ಜೊತೆಗೂಡಿಸುವ ವಿಷಯದಲ್ಲಿ ನಮ್ಮ ಅಡಿಗೆಮನೆಗೆ ಪಾಠ ಬೇಕಿಲ್ಲ. ತಂಬುಳಿಯನ್ನೇ ನೋಡಿ: ಸೊಪ್ಪು, ತೆಂಗಿನಕಾಯಿಯ ಜಿಡ್ಡು, ಮಜ್ಜಿಗೆಯ ಹುಳಿ, ಕೆಳಗೆ ಬಿಸಿ ಅನ್ನದ ಸಪ್ಪೆ. ಗಂಜಿಯ ಪಕ್ಕದಲ್ಲಿ ಉಪ್ಪಿನಕಾಯಿ ಇಟ್ಟವರು ಇದೇ ಸೂತ್ರವನ್ನು ಬರೆಯದೆ ಬಲ್ಲವರಾಗಿದ್ದರು.

ಇತ್ತೀಚೆಗೆ ಈ ಸೊಪ್ಪಿಗೆ ಮತ್ತೆ ಶುಕ್ರದೆಸೆ ಬಂದಿದೆ. ಕಾಡು ಮೇಡುಗಳಲ್ಲಿ ಪುಕ್ಕಟೆ ಸಿಕ್ಕುವ ಆಹಾರವನ್ನು ಕುರಿತು ೧೯೭೨ರಲ್ಲಿ ರಿಚರ್ಡ್ ಮೇಬಿ ಬರೆದ ಪುಸ್ತಕ ಇಂಗ್ಲೆಂಡಿನಲ್ಲಿ ಮರೆತ ಸೊಪ್ಪುಗಳ ಮೇಲೆ ಜನರ ಕಣ್ಣು ಬೀಳುವಂತೆ ಮಾಡಿತು. ಬಡವರ ಊಟ ದೊಡ್ಡ ಹೋಟೆಲುಗಳ ತಟ್ಟೆಗೇರಿತು. ಚಳಿಗಾಲದಲ್ಲಿ ಇಸ್ರೇಲಿನಿಂದ ವಿಮಾನದಲ್ಲಿ ತರಿಸುವವರೆಗೆ ಬೇಡಿಕೆ ಬೆಳೆಯಿತು. ನೆಲದ ಒಡೆಯರ ಅನುಮತಿಯಿಲ್ಲದೆ ಯಾವ ಕಾಡುಗಿಡವನ್ನೂ ಬೇರುಸಹಿತ ಕೀಳಬಾರದೆಂದು ೧೯೮೧ರ ಕಾಯಿದೆ ಅಲ್ಲಿ ವಿಧಿಸಿದೆ. ಆದುದರಿಂದ ಬಲ್ಲವರು ಕತ್ತರಿಯಿಂದ ತುದಿಗಳನ್ನು ಮಾತ್ರ ಕತ್ತರಿಸುತ್ತಾರೆ. ಒಂದು ಜಾತಿಯ ಸ್ಯಾಲಿಕಾರ್ನಿಯವನ್ನು ಬರಿಯ ಸಮುದ್ರದ ನೀರಿನಲ್ಲಿಯೇ ಬೆಳೆಸಿ ಬೀಜದಿಂದ ಎಣ್ಣೆ ತೆಗೆಯಬಹುದೆಂದು ೧೯೯೧ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ೧೯೫೪ರಲ್ಲಿ ಭಾವನಗರದಲ್ಲಿ ಸ್ಥಾಪಿತವಾದ ನಮ್ಮ ಕೇಂದ್ರೀಯ ಲವಣ ಮತ್ತು ಸಮುದ್ರ ರಾಸಾಯನಿಕ ಸಂಶೋಧನಾ ಸಂಸ್ಥೆಯವರು ಗುಜರಾತಿನ ಸ್ಯಾಲಿಕಾರ್ನಿಯದಿಂದ ಸಸ್ಯಜನ್ಯ ಉಪ್ಪನ್ನು ತೆಗೆಯುವ ವಿಧಾನವನ್ನು ರೂಪಿಸಿದ್ದಾರೆ. ಸಿಹಿನೀರು ಕಡಿಮೆಯಾಗುತ್ತಿರುವ, ಹೊಲಗಳು ಚೌಳಾಗುತ್ತಿರುವ ಈ ದಿನಗಳಲ್ಲಿ ಇದು ಬರಿಯ ಬಾಯಿಚಪಲದ ಮಾತಲ್ಲ.

ಎರಡು ಎಚ್ಚರಿಕೆಗಳನ್ನು ಹೇಳದೆ ಮುಗಿಸುವುದು ತರವಲ್ಲ. ಸೊಪ್ಪೆಂದ ಮಾತ್ರಕ್ಕೆ ಅದರ ಉಪ್ಪು ಉಪ್ಪಲ್ಲದೆ ಹೋಗುವುದಿಲ್ಲ. ರಕ್ತದೊತ್ತಡ ಇರುವವರು ಅಳತೆಯರಿತು ತಿನ್ನಬೇಕು. ಅಳಿವೆಯ ಗಿಡ ಉಪ್ಪನ್ನು ಹೀರಿದಂತೆಯೇ ಕಾರ್ಖಾನೆಯ ಕೊಳೆಯಲ್ಲಿರುವ ಲೋಹಗಳನ್ನೂ ಹೀರಬಲ್ಲದು. ನೀರು ಶುದ್ಧವಾಗಿರದ ಕಡೆ, ಗುರುತು ಬಲ್ಲವರು ಜೊತೆಗಿಲ್ಲದ ಕಡೆ ಕೀಳಲು ಹೋಗಬಾರದು.

ಡೋವರಿನಲ್ಲಿ ಷೇಕ್ಸ್‌ಪಿಯರನ ಹೆಸರು ಹೊತ್ತ ಬಂಡೆಯ ಬುಡಕ್ಕೆ ಇಂದು ಹೋದರೆ ಅಲ್ಲೊಂದು ಹೊಸ ನೆಲ ಕಾಣುತ್ತದೆ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ಕಡಲ ತಳದಲ್ಲಿ ರೈಲಿನ ಸುರಂಗ ಕೊರೆದಾಗ ಹೊರಬಂದ ಸುಣ್ಣಮಣ್ಣನ್ನು ಅಲ್ಲಿ ಸುರಿದು, ೧೯೯೭ರಲ್ಲಿ ಜನರ ವಿಹಾರಕ್ಕೆ ತೆರೆದರು. ಅದಕ್ಕೆ ಇಟ್ಟ ಹೆಸರು 'ಸ್ಯಾಂಫೈರ್ ಹೋ'. ಹಗ್ಗ ಹಿಡಿದು ಇಳಿದ ಆ ಕೂಲಿಗಳಲ್ಲಿ ಒಬ್ಬನ ಹೆಸರನ್ನೂ ಆ ಊರು ಹೀಗೆ ಹೊತ್ತುಕೊಂಡಿಲ್ಲ. ಅವರು ಕಿತ್ತ ಸೊಪ್ಪಿನ ಹೆಸರು ಉಳಿದಿದೆ. ನಿಮ್ಮ ಎಲೆಯ ತುದಿಯಲ್ಲಿ ಬಡಿಸಿದ ಉಪ್ಪಿನಕಾಯಿ ಯಾವ ಮರದ ತುದಿಯಿಂದ, ಯಾರ ಕೈಯಿಂದ ಇಳಿದು ಬಂತೆಂದು ಮುಂದಿನ ಸಲ ಊಟಕ್ಕೆ ಕುಳಿತಾಗ ಒಮ್ಮೆ ವಿಚಾರಿಸಿ ನೋಡಿ. ಬಡಿಸುವವರಿಗೆ ಉತ್ತರ ಗೊತ್ತಿದ್ದರೆ ಆ ರುಚಿ ಇನ್ನೂ ಕೆಲವು ಕಾಲ ಉಳಿಯುತ್ತದೆಂದು ತಿಳಿಯಬಹುದು.